ಹುಳಿ ಬಿಯರಿಗೆ ವಿಸ್ಕಿ ಪೀಪಾಯಿ ಯಾಕೆ ಬೇಕು ಸ್ವಾಮೀ?

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ. ಬರೆದರೆ ಮೊದಲು ಒಂದು ತಪ್ಪೊಪ್ಪಿಗೆ ಬರೀಬೇಕಿತ್ತು, ಅದಕ್ಕೇ ಮುಂದೂಡ್ತಾ ಬಂದೆ. ಇವತ್ತು ಬರೆದೇ ಬಿಡ್ತೀನಿ.

ಹೋದ ವರ್ಷ ಇದೇ ಬ್ಲಾಗಿನಲ್ಲಿ, ಬರ್ಬನ್ ಪೀಪಾಯಿಯಲ್ಲಿ ಮಾಗಿಸಿದ ಹುಳಿ ಫಾರ್ಮ್‌ಹೌಸ್ ಏಲ್ ಒಂದನ್ನ ಕುಡಿದು ಬಂದು ಉದ್ದಕ್ಕೆ ಹೊಗಳಿ ಬರೆದಿದ್ದೆ. ವೆನಿಲ್ಲಾ ಅಂದೆ, ತೆಂಗಿನಕಾಯಿ ಅಂದೆ, "ಇದುವರೆಗೆ ಕುಡಿದ ಬಿಯರುಗಳಲ್ಲೇ ಶ್ರೇಷ್ಠ" ಅಂತಲೂ ಅಂದೆ. ಅದನ್ನ ಓದಿದ ಬ್ಲಾಗ್ ಗೆಳೆಯರೊಬ್ಬರು 38 ಡಾಲರ್ ಕೊಟ್ಟು ಅದೇ ಬಾಟಲಿ ಕೊಂಡು ತಂದು, ಊರಿಂದ ಬಂದಿದ್ದ ತಮ್ಮನ ಜೊತೆ ಕೂತು ತೆಗೆದರಂತೆ. ಇಬ್ಬರೂ ಅರ್ಧರ್ಧ ಗ್ಲಾಸ್ ಕುಡಿದು ಉಳಿದದ್ದನ್ನ ಸಿಂಕಿಗೆ ಸುರಿದರಂತೆ. ಆಮೇಲೆ ನನಗೊಂದು ಮೇಲ್ ಬರೆದಿದ್ರು. ಬೈದಿರಲಿಲ್ಲ. "ನಮಗೆ ಇದೆಲ್ಲ ಅರ್ಥ ಆಗಲ್ಲ ಅನ್ಸತ್ತೆ, ನಮ್ಮ ನಾಲಿಗೆ ಇನ್ನೂ ಅಷ್ಟು ಬೆಳೆದಿಲ್ಲ" ಅಂತ ಮಾತ್ರ ಇತ್ತು. ಬೈದಿದ್ರೇ ವಾಸಿ ಇತ್ತು ಅನ್ನಿಸಿಬಿಡ್ತು.

ಅವರ ನಾಲಿಗೆ ಸರಿಯಾಗೇ ಇದೆ. ತಪ್ಪಿದ್ದು ನನ್ನದು. ನನ್ನ ಥರಾನೇ ಇಂಥ ಬಾಟಲಿಗಳಿಗೆ ಐದಕ್ಕೆ ಐದು ಕೊಡ್ತಾ ಕೂತಿರೋ ಎಲ್ಲರದ್ದೂ ತಪ್ಪೇ ಅಂತ ಇವತ್ತು ಹೇಳೋನಿದ್ದೀನಿ. ಕುಡಿಯದೇ ಇರೋ ಓದುಗರು ಇದನ್ನೊಂದು ಅಡುಗೆಯ ಜಗಳ ಅಂದ್ಕೊಂಡು ಓದಿ, ನಷ್ಟವೇನಿಲ್ಲ :)

ಮೊದಲು ಈ ಫಾರ್ಮ್‌ಹೌಸ್ ಏಲ್ ಅಂದ್ರೇನು ಅಂತ ಸ್ವಲ್ಪ ನೋಡೋಣ. ಬೆಲ್ಜಿಯಂನ ದಕ್ಷಿಣದಲ್ಲಿ, ಫ್ರೆಂಚ್ ಮಾತಾಡೋ ವಲೋನಿಯಾದಲ್ಲಿ, ಎನೋ ಅಂತ ಒಂದು ಪ್ರಾಂತ್ಯ ಇದೆ. ಅಲ್ಲಿಯ ರೈತರು ಚಳಿಗಾಲದಲ್ಲಿ, ಹೊಲದ ಕೆಲಸ ಕಮ್ಮಿ ಇದ್ದಾಗ, ತಮ್ಮ ಮನೆಯಲ್ಲೇ ಬಿಯರ್ ಮಾಡಿಡ್ತಿದ್ರು. ಬೇಸಿಗೆಯಲ್ಲಿ ಕೂಲಿಗೆ ಬಂದವರು ಬಾಯಾರಿಕೆಗೆ ಅದನ್ನ ಕುಡೀತಿದ್ರು. ಋತುವಿನ ಬಿಯರ್ ಆದ್ದರಿಂದ ಅದಕ್ಕೆ ಸೇಜಾನ್ ಅಂತ ಹೆಸರು, ಫ್ರೆಂಚಿನಲ್ಲಿ ಋತು ಅಂತಲೇ ಅರ್ಥ. ಫ್ರಿಜ್ ಇಲ್ಲದ ಕಾಲ. ತಿಂಗಳುಗಟ್ಟಲೆ ಕೆಡದೆ ಉಳೀಬೇಕು ಅಂದ್ರೆ ಎರಡೇ ದಾರಿ, ಒಂದೋ ಹಾಪ್ಸ್ ಜಾಸ್ತಿ ಹಾಕಿ ಕಹಿ ಮಾಡಬೇಕು, ಇಲ್ಲಾ ಹುಳಿ ಬರೋಕೆ ಬಿಡಬೇಕು. ಫಿಲ್ ಮಾರ್ಕೋವ್ಸ್ಕಿ ಅನ್ನೋರು 2004ರಲ್ಲಿ ಫಾರ್ಮ್‌ಹೌಸ್ ಏಲ್‌ಗಳ ಬಗ್ಗೆ ಒಂದು ಪುಸ್ತಕ ತಂದ್ರು. ಅದರಲ್ಲಿ ಸೇಜಾನ್ ಇತಿಹಾಸದ ಅಧ್ಯಾಯ ಬರೆದವರು ಬ್ರಸೆಲ್ಸ್‌ನ ಇವಾನ್ ಡಿ ಬಾಟ್ಸ್. ಅವರ ವಾದವೂ ಇದೇ. ಸೇಜಾನ್ ಒಣಗಿದ ಹಾಗಿರಬೇಕು, ಆಲ್ಕೋಹಾಲ್ ಮಿತಿಯಲ್ಲಿರಬೇಕು, ಹುಳಿಯೋ ಕಹಿಯೋ ಒಂದು ಇರಲೇಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಬಾಯಾರಿಕೆ ನೀಗಬೇಕು.

ಇಲ್ಲಿ "ಒಣಗಿದ" ಅಂದ್ರೆ ಸಿಹಿ ಇಲ್ಲದ್ದು ಅಂತ. ಮಾಲ್ಟಿನಿಂದ ಬಂದ ಸಕ್ಕರೆಯನ್ನ ಯೀಸ್ಟು ಹೆಚ್ಚೂಕಮ್ಮಿ ಪೂರ್ತಿ ತಿಂದು ಮುಗಿಸಿರುತ್ತೆ. ಜೊತೆಗೆ ಬ್ರೆಟನೊಮೈಸಿಸ್ ಅನ್ನೋ ಕಾಡು ಯೀಸ್ಟು ಸೇರಿಕೊಂಡ್ರಂತೂ ಬೇರೆ ಯೀಸ್ಟು ಬಿಟ್ಟ ಚೂರುಪಾರನ್ನೂ ತಿಂಗಳುಗಟ್ಟಲೆ ಕೂತು ಮೇಯುತ್ತೆ. ಕಾರ್ಲ್ಸ್‌ಬರ್ಗ್‌ನ ಕ್ಲಾಸೆನ್ ಅನ್ನೋ ವಿಜ್ಞಾನಿ 1904ರಲ್ಲಿ ಅದಕ್ಕೆ ಹೆಸರಿಟ್ಟಿದ್ದು. ಬ್ರಿಟಿಷ್ ಬಿಯರುಗಳಲ್ಲಿ ಸಿಕ್ಕಿದ್ದರಿಂದ "ಬ್ರಿಟಿಷ್ ಶಿಲೀಂಧ್ರ" ಅನ್ನೋ ಅರ್ಥದ ಹೆಸರು. ಹುಳಿ ಬರೋದು ಮಾತ್ರ ಮುಖ್ಯವಾಗಿ ಲ್ಯಾಕ್ಟೋಬ್ಯಾಸಿಲಸ್, ಪೀಡಿಯೋಕಾಕಸ್ ಅನ್ನೋ ಬ್ಯಾಕ್ಟೀರಿಯಾಗಳಿಂದ. ಮೊಸರು ಹುಳಿಯಾಗೋದೂ ಇದೇ ಲ್ಯಾಕ್ಟಿಕ್ ಆಮ್ಲದಿಂದ. ಹಾಗಾಗಿ ಇದು ನಮಗೇನು ಹೊಸ ರುಚಿ ಅಲ್ಲ.

ಈ ಜೀವಿಗಳಿಗೆಲ್ಲ ಮರದ ಪೀಪಾಯಿ ಅಂದ್ರೆ ಮನೆ ಇದ್ದ ಹಾಗೆ. ಮರದ ಸಂದುಗಳಲ್ಲಿ ಸಂಸಾರ ಹೂಡಿಕೊಂಡು, ಒಂದು ಬಿಯರಿಂದ ಇನ್ನೊಂದಕ್ಕೆ ದಾಟ್ತಾ ಇರ್ತವೆ. ಮರ ಚೂರುಚೂರೇ ಗಾಳಿ ಒಳಗೆ ಬಿಡುತ್ತೆ. ಇದಕ್ಕೆ ಹಳೇ ವೈನ್ ಪೀಪಾಯಿ ಹೇಳಿ ಮಾಡಿಸಿದ್ದು. ಅದರಲ್ಲಿದ್ದ ಓಕ್ ಮರದ ರುಚಿಯನ್ನೆಲ್ಲಾ ವೈನೇ ವರ್ಷಗಟ್ಟಲೆ ಹೀರಿ ಮುಗಿಸಿರುತ್ತೆ. ಉಳಿದಿರೋದು ಗೋಡೆ, ಮಾಡು ಅಷ್ಟೇ. ಬಿಯರ್ ತನ್ನ ಪಾಡಿಗೆ ತಾನು ಬದುಕಬಹುದು.

ಈಗ ಬರ್ಬನ್ ಪೀಪಾಯಿಗೆ ಬನ್ನಿ. ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್ನನ್ನ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು, ಅದರ ಒಳಮೈಯನ್ನ ಬೆಂಕಿಯಿಂದ ಸುಟ್ಟು ಕರಿ ಮಾಡಿರಬೇಕು. ಪೀಪಾಯಿಗೆ ತುಂಬುವಾಗ ಆಲ್ಕೋಹಾಲ್ 62.5% ಮೀರೋ ಹಾಗಿಲ್ಲ. ಹೆಚ್ಚಿನವರು ಅದರ ಆಸುಪಾಸಿನಲ್ಲೇ ತುಂಬ್ತಾರೆ. 53 ಗ್ಯಾಲನ್, ಅಂದ್ರೆ ಸುಮಾರು 200 ಲೀಟರಿನ ಪೀಪಾಯಿ. ಒಮ್ಮೆ ಬಳಸಿದ ಮೇಲೆ ಬರ್ಬನ್ನಿಗೆ ಮತ್ತೆ ಬಳಸೋ ಹಾಗಿಲ್ಲ. ಹಾಗಾಗಿ ಕೆಂಟಕಿಯ ಖಾಲಿ ಪೀಪಾಯಿಗಳು ಜಗತ್ತಿನ ತುಂಬ ಓಡಾಡ್ತವೆ. ಸ್ಕಾಟ್ಲೆಂಡಿಗೆ ಹೋಗ್ತವೆ, ರಮ್ ಮಾಡೋ ದ್ವೀಪಗಳಿಗೆ ಹೋಗ್ತವೆ, ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಗೂ ಬರ್ತವೆ. ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾಗಿ ಹೆಸರು ಮಾಡಿದ್ದು ಗೊತ್ತೇ ಇದೆಯಲ್ಲ. ಆ ಹೆಸರಿನಲ್ಲಿ ಈ ಪೀಪಾಯಿಗಳದ್ದೂ ಒಂದು ಪಾಲಿದೆ. ನನಗೆ ವಿಸ್ಕಿ ಮೇಲೆ ಸಿಟ್ಟಿಲ್ಲ ಅನ್ನೋದಕ್ಕೆ ಇಷ್ಟು ಹೇಳಿದೆ.

ಸುಟ್ಟ ಹೊಸ ಓಕ್ ಮರದಲ್ಲಿ ಏನೇನಿರುತ್ತೆ ಗೊತ್ತಾ? ವೆನಿಲ್ಲಿನ್, ಅದೇ ವೆನಿಲ್ಲಾದ ವಾಸನೆ. ಲ್ಯಾಕ್ಟೋನ್, ಅದು ತೆಂಗಿನಕಾಯಿಯ ವಾಸನೆ. ಯುಜಿನಾಲ್, ಲವಂಗದಲ್ಲಿರೋದೂ ಇದೇ. ಗ್ವಾಯಕಾಲ್, ಅದು ಹೊಗೆ. ಇವುಗಳ ಜೊತೆ ಬಾಯಿ ಒಗರಾಗಿಸೋ ಟ್ಯಾನಿನ್. ಪೀಪಾಯಿ ಖಾಲಿ ಮಾಡಿದ ಮೇಲೂ ಹಲಗೆ ಹೀರಿಕೊಂಡ ಬರ್ಬನ್ ಹಲಗೆಯಲ್ಲೇ ಇರುತ್ತೆ. ಆ ಖಾರ ಆಲ್ಕೋಹಾಲಿನಲ್ಲಿ ನೆಂದ ಮರದಲ್ಲಿ ನಮ್ಮ ಯೀಸ್ಟು, ಬ್ಯಾಕ್ಟೀರಿಯಾ ಯಾವುದೂ ಮನೆ ಮಾಡಿಕೊಂಡಿರಲ್ಲ. ಅವೆಲ್ಲ ಬಿಯರಿನ ಜೊತೆ ಹೊಸದಾಗಿ ಒಳಗೆ ಬರಬೇಕು. ಅಂದ್ರೆ ವೈನ್ ಪೀಪಾಯಿ ಮನೆ ಆದರೆ ಇದು ಅತ್ತರಿನ ಡಬ್ಬಿ.

ಇದೇ ಪೀಪಾಯಿಯಲ್ಲಿ ಸ್ಟೌಟ್ ಇಡಿ, ಅದ್ಭುತವಾಗಿರುತ್ತೆ. ಶಿಕಾಗೋದ ಗೂಸ್ ಐಲ್ಯಾಂಡ್‌ನವರು 1990ರ ದಶಕದಲ್ಲಿ ಬರ್ಬನ್ ಕೌಂಟಿ ಸ್ಟೌಟ್ ಮಾಡಿ ಈ ಪದ್ಧತಿಗೆ ಹೆಸರು ತಂದುಕೊಟ್ರು. ಯಾಕೆ ಚೆನ್ನಾಗಿರುತ್ತೆ ಅಂದ್ರೆ, ಆ ಥರದ ದಪ್ಪ ಸ್ಟೌಟಿನಲ್ಲಿ ಸಿಹಿ ಬೇಕಾದಷ್ಟು ಉಳಿದಿರುತ್ತೆ. ಹುರಿದ ಮಾಲ್ಟು, ಚಾಕಲೇಟು, ಕಾಫಿಯ ಕಹಿ ಎಲ್ಲ ಇರುತ್ತೆ. ಆ ಮೆತ್ತೆಯ ಮೇಲೆ ವೆನಿಲ್ಲಾ, ತೆಂಗಿನಕಾಯಿ, ಆಲ್ಕೋಹಾಲಿನ ಬಿಸಿ ಎಲ್ಲವೂ ಹಾಯಾಗಿ ಒರಗಿಕೊಳ್ತವೆ.

ಹುಳಿ ಸೇಜಾನಿನಲ್ಲಿ ಆ ಮೆತ್ತೆಯೇ ಇಲ್ವಲ್ಲ! ಸಿಹಿಯೆಲ್ಲ ಖಾಲಿ. ಮೈ ತೆಳ್ಳಗೆ. ಅದರ ಮೇಲೆ ಟ್ಯಾನಿನ್ ಬಂದು ಕೂತ್ರೆ ಹುಳಿಯೂ ಒಗರೂ ಒಂದಕ್ಕೊಂದು ಕುಮ್ಮಕ್ಕು ಕೊಟ್ಟುಕೊಂಡು ಬಾಯಿ ಹಿಂಡಿ ಹಾಕ್ತವೆ. ಆಮ್ಲ ಜಾಸ್ತಿ ಇದ್ದಷ್ಟೂ ಒಗರು ಜೋರಾಗಿ ಗೊತ್ತಾಗುತ್ತೆ. ಎಳೇ ಅಮಟೆಕಾಯಿ ಕಚ್ಚಿದವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಅದರ ಮೇಲೆ ಆಲ್ಕೋಹಾಲಿನ ಉರಿ. ಅದರ ಮೇಲೆ, ಇದ್ಯಾವುದಕ್ಕೂ ಸಂಬಂಧವೇ ಇಲ್ಲದ ವೆನಿಲ್ಲಾ. ನಮ್ಮ ಗುಂಪಿನಲ್ಲಿ ಪುತ್ತೂರಿನ ಹುಡುಗ ಒಬ್ಬ ಇದ್ದಾನೆ, ಒಂದು ಗುಟುಕು ಕುಡಿದು ಗ್ಲಾಸ್ ಕೆಳಗಿಟ್ಟು ಅಂದ: "ಪುನರ್ಪುಳಿ ಸಾರಿಗೆ ಯಾರೋ ವೆನಿಲ್ಲಾ ಐಸ್‌ಕ್ರೀಂ ಹಾಕಿದ ಹಾಗೆ ಉಂಟು ಮಾರಾಯ." ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆಮೇಲೆ ಮತ್ತೆ ಕುಡಿದು ನೋಡಿದ್ರೆ, ಹೌದಲ್ಲಾ... ಅದೇ ಥರ ಇದೆ!

ಆ ದಿನದ ಕತೆಯನ್ನೇ ಹೇಳಿಬಿಡ್ತೀನಿ. ಆ ಮೇಲ್ ಬಂದ ಮೇಲೆ ತಲೆಯಲ್ಲಿ ಹುಳ ಹೊಕ್ಕಿತ್ತು. ಇಲ್ಲಿ ಟೆಕ್ಸಾಸ್‌ನಲ್ಲಿ ನಾವು ಆರು ಜನ ಆಗಾಗ ಒಬ್ಬರ ಮನೆಯಲ್ಲಿ ಸೇರೋದುಂಟು. ಈ ಸಲ ಹೆಸರು ಮುಚ್ಚಿ ರುಚಿ ನೋಡೋಣ ಅಂದೆ. ನಾಲ್ಕು ಬಿಯರ್. ಒಂದು, ಎನೋ ಪ್ರಾಂತ್ಯದ ತೂರ್ಪ್ ಹಳ್ಳಿಯ ಡ್ಯುಪಾಂಟ್ ಸೇಜಾನ್, 6.5%. ಇದು ಹುಳಿ ಇಲ್ಲದ್ದು, ಹೋಲಿಕೆಗೆ ಅಂತ. ಎರಡನೇದು ಮಿಶಿಗನ್‌ನ ಜಾಲಿ ಪಂಪ್ಕಿನ್‌ನವರ ಬ್ಯಾಮ್ ಬಿಯೇರ್, 4.5%. ಓಕ್ ಮರದಲ್ಲಿ ಮಾಗಿದ್ದು, ತಿಳಿಯಾದ ಹುಳಿ. ಮೂರು ಮತ್ತು ನಾಲ್ಕು ಒಂದೇ ಬ್ರೂವರಿಯವು, ಅದರ ಹೆಸರು ಬೇಡ. ಮೂರನೇದು ಹಳೇ ವೈನ್ ಪೀಪಾಯಿಯದ್ದು. ನಾಲ್ಕನೇದು ನಾನು ಹೊಗಳಿ ಅಟ್ಟಕ್ಕೇರಿಸಿದ್ದ ಆ ಬರ್ಬನ್ ಪೀಪಾಯಿಯದ್ದು, 10%. ಗೆಳೆಯನ ಹೆಂಡತಿ ಅಡುಗೆಮನೆಯಲ್ಲಿ ಸುರಿದು, ಗ್ಲಾಸಿನ ತಳಕ್ಕೆ ನಂಬರ್ ಅಂಟಿಸಿ ತಂದುಕೊಟ್ರು.

ಮೊದಲ ಸುತ್ತು, ಒಬ್ಬೊಬ್ಬರಿಗೆ ಎರಡೆರಡು ಗುಟುಕು. ಆರರಲ್ಲಿ ನಾಲ್ಕು ಜನ ಬರ್ಬನ್ ಪೀಪಾಯಿಯದಕ್ಕೇ ಮೊದಲ ಸ್ಥಾನ ಕೊಟ್ರು. ನಾಲ್ವರಲ್ಲಿ ನಾನೂ ಒಬ್ಬ! ನೋಡಿ, ಇದನ್ನ ಮುಚ್ಚಿಟ್ಟು ಬರೆಯಬಹುದಿತ್ತು. ಆದರೆ ನಿಜ ಇದೇ, ಹೆಸರು ಮುಚ್ಚಿದಾಗಲೂ ಮೊದಲ ಗುಟುಕಿಗೆ ನನ್ನ ನಾಲಿಗೆ ಅದನ್ನೇ ಆರಿಸ್ತು.

ಆಮೇಲೆ ಊಟಕ್ಕೆ ಕೂತೆವು. ಬಾಟಲಿಗಳು ಮೇಜಿನ ಮೇಲೇ ಇದ್ವು, ಯಾರಿಗೆ ಯಾವುದು ಬೇಕೋ ಹಾಕ್ಕೊಳ್ಳಿ ಅಂತ. ಒಂದೂವರೆ ಗಂಟೆ ಹರಟೆ. ಎದ್ದಾಗ ನೋಡ್ತೀನಿ, ಬ್ಯಾಮ್ ಬಿಯೇರ್ ಖಾಲಿ. ಡ್ಯುಪಾಂಟ್ ಖಾಲಿ. ವೈನ್ ಪೀಪಾಯಿಯದ್ದು ಖಾಲಿ. ಮೊದಲ ಬಹುಮಾನ ಗೆದ್ದ ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಅದಕ್ಕೆ ಅಷ್ಟು ಅಂಕ ಕೊಟ್ಟ ನಾಲ್ವರಲ್ಲಿ ಒಬ್ಬರೂ ಎರಡನೇ ಗ್ಲಾಸ್ ಹಾಕ್ಕೊಂಡಿರಲಿಲ್ಲ.

ಇದು ನಮ್ಮ ಆರು ಜನರ ಮೇಜಿನ ಕತೆ ಮಾತ್ರ, ಸಂಶೋಧನೆ ಅಂತ ಹೇಳ್ಕೊಳ್ಳಲ್ಲ. ಆದರೆ ಗುಟುಕಿನ ಮೋಸ ಹೊಸದೇನಲ್ಲ. 1975ರಲ್ಲಿ ಪೆಪ್ಸಿಯವರು ಹೆಸರು ಮುಚ್ಚಿ ಗುಟುಕು ಕುಡಿಸೋ ಪೆಪ್ಸಿ ಚಾಲೆಂಜ್ ಶುರು ಮಾಡಿದ್ರು. ಒಂದು ಗುಟುಕಿನಲ್ಲಿ ಸಿಹಿ ಜಾಸ್ತಿ ಇರೋದು ಗೆಲ್ಲುತ್ತೆ. ಕೋಕಾ ಕೋಲಾದವರು ಕೂಡ ಇಂಥ ಪರೀಕ್ಷೆಗಳನ್ನ ನಂಬಿ 1985ರಲ್ಲಿ ಹೆಚ್ಚು ಸಿಹಿಯ ನ್ಯೂ ಕೋಕ್ ತಂದ್ರು, ಮೂರು ತಿಂಗಳೊಳಗೆ ಹಳೇದನ್ನ ವಾಪಸ್ ತರಬೇಕಾಯ್ತು. ಬಿಯರ್ ಟೇಸ್ಟಿಂಗ್‌ಗಳಲ್ಲೂ ನಮ್ಮ ಕೈಗೆ ಬರೋದು ಎರಡು ಮೂರು ಗುಟುಕು. ಹತ್ತು ಹದಿನೈದು ಬಿಯರುಗಳ ಸಾಲಿನಲ್ಲಿ ಯಾವುದು ಜೋರಾಗಿ ಕೂಗುತ್ತೋ ಅದಷ್ಟೇ ಕೇಳಿಸುತ್ತೆ. ಅಮೆರಿಕದ ಬಿ.ಜೆ.ಸಿ.ಪಿ. ತೀರ್ಪುಗಾರರ ಹಾಳೆಯಲ್ಲಿ ಒಟ್ಟು 50 ಅಂಕ. ರುಚಿಗೆ 20, ಪರಿಮಳಕ್ಕೆ 12, ನೋಟಕ್ಕೆ 3, ಬಾಯಿಗೆ ಹೇಗನ್ನಿಸುತ್ತೆ ಅನ್ನೋದಕ್ಕೆ 5, ಒಟ್ಟಾರೆ ಅನಿಸಿಕೆಗೆ 10. ಕುಡಿಯೋ ಖುಷಿ ಏನಿದ್ರೂ ಆ ಕೊನೆಯ ಹತ್ತರಲ್ಲೇ ಬರಬೇಕು. ಬಾಯಾರಿಕೆಗೆ ಅಂತಲೇ ಹುಟ್ಟಿದ ಬಿಯರಿಗೆ ಇದು ಅನ್ಯಾಯ ಅಲ್ವಾ?

ಈಗ ನಾನಿದನ್ನ ಹೇಳಿದಾಗೆಲ್ಲ ಗೆಳೆಯರು ಎತ್ತೋ ತಕರಾರುಗಳಿಗೆ ಬರ್ತೀನಿ.

ಮೊದಲನೇದು, "ಇದರಲ್ಲಿ ಸಂಕೀರ್ಣತೆ ಜಾಸ್ತಿ." ಸ್ವಾಮೀ, ವಾಸನೆಗಳ ಪಟ್ಟಿ ಉದ್ದ ಆದ ಮಾತ್ರಕ್ಕೆ ಸಂಕೀರ್ಣ ಆಗಲ್ಲ. ಬರ್ಬನ್ ಪೀಪಾಯಿಯ ಹುಳಿ ಬಿಯರುಗಳ ಬಗ್ಗೆ ನಾವು ಬರೆದಿರೋ ಟಿಪ್ಪಣಿಗಳನ್ನ ಒಮ್ಮೆ ಸಾಲಾಗಿ ಇಟ್ಟು ಓದಿ. ವೆನಿಲ್ಲಾ, ತೆಂಗಿನಕಾಯಿ, ಕ್ಯಾರಮೆಲ್, ಓಕ್. ಎಲ್ಲದರಲ್ಲೂ ಇದೇ ನಾಲ್ಕು. ಅವೆಲ್ಲ ಪೀಪಾಯಿಯ ರುಚಿಗಳು. ಬಿಯರ್ ಎಲ್ಲಿ? ಅದನ್ನ ಮಾಡಿದ ಊರಿನ ಯೀಸ್ಟು ಎಲ್ಲಿ? ನನ್ನ ಹಳೇ ಪೋಸ್ಟನ್ನೇ ತೆಗೆದು ನೋಡಿದೆ. ಆರು ಪ್ಯಾರಾಗಳಲ್ಲಿ "ಹುಳಿ" ಅನ್ನೋ ಪದ ಒಂದೇ ಸಲ ಬಂದಿದೆ, ಅದೂ ಬಿಯರಿನ ಹೆಸರು ಹೇಳುವಾಗ! ನಾಚಿಕೆ ಆಯ್ತು.

ಎರಡನೇದು, "ಬೆಲ್ಜಿಯಂನವರೇ ಮಾಡಿದ್ದಾರಲ್ಲ!" ಹೌದು. 1900ರಲ್ಲಿ ಶುರುವಾದ ಬ್ರಸೆಲ್ಸ್‌ನ ಕ್ಯಾಂಟಿಯೋನ್‌ನವರು ಲ್ಯಾಂಬಿಕ್ ಬಿಯರನ್ನ ಕಾನ್ಯಾಕ್ ಪೀಪಾಯಿಯಲ್ಲಿಟ್ಟು, ತಮ್ಮ ಊರಿನ ಅಕ್ಷಾಂಶ ರೇಖಾಂಶವನ್ನೇ ಹೆಸರಾಗಿಟ್ಟು ಮಾರಿದ್ದುಂಟು. ಅದನ್ನ ಕುಡಿಯೋ ಭಾಗ್ಯ ನನಗಿನ್ನೂ ಸಿಕ್ಕಿಲ್ಲ, ಹಾಗಾಗಿ ಅದರ ರುಚಿ ಬಗ್ಗೆ ಮಾತಾಡಲ್ಲ. ಆದರೆ ಲ್ಯಾಂಬಿಕ್ ಸೇಜಾನ್ ಅಲ್ಲ. ಕಾನ್ಯಾಕ್ ದ್ರಾಕ್ಷಿಯಿಂದ ಬಂದದ್ದು, ಅದರ ಪೀಪಾಯಿ ಫ್ರೆಂಚ್ ಓಕಿನದ್ದು, ಅದನ್ನ ಹದವಾಗಿ ಕಾಯಿಸಿರ್ತಾರೆ, ಬರ್ಬನ್ ಪೀಪಾಯಿ ಥರ ಕರಿ ಮಾಡಿರಲ್ಲ. ಅಲ್ಲದೆ ಆ ಮನೆಯ ದಿನನಿತ್ಯದ ಬಿಯರ್ ಅದಲ್ಲ, ಅಪರೂಪಕ್ಕೆ ಮಾಡಿದ್ದು. ಹಬ್ಬದ ಅಡುಗೆ ನೋಡಿ ದಿನಾ ಹೋಳಿಗೆ ಮಾಡು ಅಂದ ಹಾಗಾಯ್ತು.

ಮೂರನೇದು, ಇದು ನಿಜಕ್ಕೂ ಗಟ್ಟಿ ವಾದ: "ಸಣ್ಣ ಬ್ರೂವರಿಗಳು ಬದುಕಬೇಕಲ್ಲ?" ಹುಳಿ ಬಿಯರ್ ಮಾಡೋನು ವರ್ಷಗಟ್ಟಲೆ ದುಡ್ಡನ್ನ ಪೀಪಾಯಿಯಲ್ಲಿ ಹಾಕಿಟ್ಟು ಕಾಯಬೇಕು. ಬರ್ಬನ್ ಹೆಸರು ಹಾಕಿದ್ರೆ ಬಾಟಲಿಗೆ ಮೂರು ಪಟ್ಟು ಬೆಲೆ ಸಿಗುತ್ತೆ ಅಂದ್ರೆ ಅವನು ಹಾಕದೆ ಏನು ಮಾಡ್ತಾನೆ? ಅವನನ್ನ ನಾನು ಬೈಯಲ್ಲ. ಆ ಬೆಲೆ ಕೊಡೋರು ನಾವು, ಆ ಅಂಕ ಕೊಡೋರು ನಾವು, ಬೈಸಿಕೊಳ್ಳಬೇಕಾದವರೂ ನಾವೇ. ನಾನು ಹೋಗೋ ಅಂಗಡಿಯಲ್ಲಿ ಮೊದಲು ಐದಾರು ಥರದ ತಿಳಿ ಸೇಜಾನ್ ಇರ್ತಿದ್ವು, 4%, 5%ನವು. ಈಗ ಎರಡು ಉಳಿದಿವೆ. ಆ ಜಾಗದಲ್ಲಿ ಮೇಣದ ಮುಚ್ಚಳದ ದಪ್ಪ ಬಾಟಲಿಗಳು ಕೂತಿವೆ, ರಮ್ ಪೀಪಾಯಿ, ಟಕೀಲಾ ಪೀಪಾಯಿ, ಡಬಲ್ ಪೀಪಾಯಿ ಅಂತ. ಅಂಗಡಿಯವನನ್ನ ಕೇಳಿದ್ರೆ "ತಿಳಿ ಬಿಯರಿಗೆ ಆನ್‌ಲೈನಿನಲ್ಲಿ ಅಂಕ ಬರಲ್ಲ, ಅಂಕ ಬರದ್ದನ್ನ ಜನ ಮುಟ್ಟಲ್ಲ" ಅಂದ.

ಇನ್ನೊಂದು ಸಣ್ಣ ಲೆಕ್ಕ. 750 ಮಿಲೀ ಬಾಟಲಿ, 10% ಅಂದ್ರೆ ಅದರಲ್ಲಿ ಶುದ್ಧ ಆಲ್ಕೋಹಾಲ್ 75 ಮಿಲೀ. ಅದೇ ಬಾಟಲಿಯಲ್ಲಿ 4.5% ಬಿಯರ್ ಇದ್ರೆ 34 ಮಿಲೀ ಕೂಡ ಇಲ್ಲ. ಹೊಲದಲ್ಲಿ ದುಡಿದು ಬಂದವನು ಕುಡಿದು ಮತ್ತೆ ಹೊಲಕ್ಕೆ ಹೋಗಬೇಕಾದ ಪಾನೀಯ ಇದು. 10%ದ್ದನ್ನ ಕುಡಿಸಿದ್ರೆ ಕುಡುಗೋಲು ಯಾರ ಕಾಲಿಗೆ ಬೀಳ್ತಿತ್ತೋ! ಫಾರ್ಮ್‌ಹೌಸ್ ಅನ್ನೋ ಪದ ಲೇಬಲ್ಲಿನ ಮೇಲೆ ಹಾಕಿದ ಮೇಲೆ ಆ ರೈತನ ನೆನಪು ಸ್ವಲ್ಪವಾದ್ರೂ ಬೇಡವೇ?

ನಾಲ್ಕನೇದು, "ನಿನಗಿಷ್ಟ ಇಲ್ಲದಿದ್ರೆ ಕುಡೀಬೇಡ." ಸರಿ, ಕುಡಿಯಲ್ಲ. ಆದರೆ ನಾನು ಕುಡಿದಿದ್ದಷ್ಟೇ ಅಲ್ಲ, ಹೊಗಳಿ ಬರೆದಿದ್ದೆ. ಅದನ್ನ ನಂಬಿ ಒಬ್ಬರು ದುಡ್ಡು ಹಾಕಿದ್ರು. ಹಾಕಿ, ಇಷ್ಟ ಆಗದಿದ್ದಾಗ ಬಿಯರನ್ನ ಅನುಮಾನಿಸೋ ಬದಲು ತಮ್ಮನ್ನೇ ಅನುಮಾನಿಸಿದ್ರು. ಇದೇ ನನಗೆ ತಡೆಯೋಕಾಗದ್ದು.

ಪೂರ್ತಿ ತಳ್ಳಿಹಾಕಲ್ಲ, ಕೆಲವು ಸಲ ಇದು ಒಗ್ಗುತ್ತೆ. ಜಿನ್ ಇಟ್ಟಿದ್ದ ಪೀಪಾಯಿಯಲ್ಲಿ ಕೆಲವೇ ವಾರ ಇಟ್ಟ ಸೇಜಾನ್ ಒಂದನ್ನ ಕುಡಿದಿದ್ದೆ. ಜಿನ್ನಿನ ಜ್ಯೂನಿಪರ್, ನಿಂಬೆಸಿಪ್ಪೆಯ ವಾಸನೆ ಹುಳಿಯ ಜೊತೆ ಅಕ್ಕತಂಗಿಯರ ಹಾಗೆ ಹೊಂದಿಕೊಂಡಿತ್ತು. ಬರ್ಬನ್ ಪೀಪಾಯಿಯದ್ದನ್ನ ಸ್ವಲ್ಪವೇ ತೆಗೆದು ವೈನ್ ಪೀಪಾಯಿಯದಕ್ಕೆ ಬೆರೆಸಿದ್ರೂ ಹದವಾಗಿ ಬರುತ್ತೆ, ಒಗ್ಗರಣೆಗೆ ಇಂಗು ಹಾಕಿದ ಹಾಗೆ. ಹಾಗೇ ಎರಡು ಮೂರು ಸಲ ಬಿಯರ್ ತುಂಬಿ ತೆಗೆದ ಮೇಲೆ ಬರ್ಬನ್ ಪೀಪಾಯಿಯೂ ತನ್ನ ಅಬ್ಬರ ಕಳೆದುಕೊಂಡು ಒಳ್ಳೇ ಮನೆ ಆಗುತ್ತೆ. ಆದರೆ ಆಗ ಲೇಬಲ್ಲಿನ ಮೇಲೆ ಬರ್ಬನ್ ಅಂತ ಹಾಕೋಕೆ ಯಾರಿಗೂ ಮನಸ್ಸು ಬರಲ್ಲ, ಯಾಕಂದ್ರೆ ಅದರ ರುಚಿ ಅದರಲ್ಲಿರಲ್ಲ!

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಇಂಥ ಬಿಯರ್ ಬಗ್ಗೆ ಬರೆಯೋ ಮುಂಚೆ ಒಂದು ಪೂರ್ತಿ ಗ್ಲಾಸ್ ಕುಡೀರಿ, ಊಟದ ಜೊತೆ ಕುಡೀರಿ. ಎರಡನೇ ಗ್ಲಾಸ್ ಬೇಕು ಅನ್ನಿಸ್ತಾ ಇಲ್ಲವಾ ಅನ್ನೋದನ್ನ ಮೊದಲ ಸಾಲಿನಲ್ಲೇ ಬರೀರಿ. ಆಮೇಲೆ ವೆನಿಲ್ಲಾ ಗಿನಿಲ್ಲಾ ಎಲ್ಲ ಇರಲಿ. ಹುಳಿಯನ್ನ ವಿವರಿಸೋಕೆ ಇಂಗ್ಲಿಷಿನವರ ಪದ ಯಾಕೆ ಸಾಲ ತರಬೇಕು? ಹುಣಸೆಯ ಹುಳಿ ಬೇರೆ, ಮಾವಿನಕಾಯಿಯದ್ದು ಬೇರೆ. ನಿಂಬೆ, ಬಿಂಬುಳಿ, ಪುನರ್ಪುಳಿ, ಎರಡು ದಿನದ ಮಜ್ಜಿಗೆ, ಸಂಜೆಗೆ ಉಳಿದ ಹೆಂಡ, ಒಂದೊಂದೂ ಬೇರೆ. ಇಷ್ಟನ್ನ ಕಣ್ಣು ಮುಚ್ಚಿ ಗುರುತಿಸೋ ನಾಲಿಗೆ ನಮ್ಮದು.

ಆ ಮೇಲ್ ಬರೆದ ಗೆಳೆಯರೇ, ಇದನ್ನ ಓದ್ತಿದ್ರೆ ಕೇಳಿ. ನಿಮ್ಮ ನಾಲಿಗೆ ಬೆಳೆದಿಲ್ಲ ಅಂದ್ರಲ್ಲ, ಅದು ಸುಳ್ಳು. ನೀವಿಬ್ಬರೂ ಅರ್ಧ ಗ್ಲಾಸಿನಲ್ಲಿ ಕಂಡುಕೊಂಡಿದ್ದನ್ನ ಕಂಡುಕೊಳ್ಳೋಕೆ ನನಗೆ ಒಂದು ವರ್ಷ ಬೇಕಾಯ್ತು. 38 ಡಾಲರ್ ಬಾಕಿ ಇದೆ, ಮುಂದಿನ ಸಲ ನಿಮ್ಮ ಊರಿಗೆ ಬಂದಾಗ ನಾಲ್ಕೂವರೆ ಪರ್ಸೆಂಟಿನ ಬಾಟಲಿಗಳಲ್ಲಿ ತೀರಿಸ್ತೀನಿ. ತಮ್ಮ ಇನ್ನೂ ಅಲ್ಲೇ ಇದ್ರೆ ಇನ್ನೂ ಒಳ್ಳೇದು.

ಹಳೇ ಪೋಸ್ಟನ್ನ ಅಳಿಸಲ್ಲ, ಅದು ಹಾಗೇ ಇರಲಿ. ಅದರ ನೆತ್ತಿ ಮೇಲೆ "ಬರೆದವನು ಎರಡೇ ಗುಟುಕು ಕುಡಿದಿದ್ದ" ಅಂತ ಒಂದು ಸಾಲು ಸೇರಿಸಿದ್ದೀನಿ.

ಬರ್ಬನ್ ಪೀಪಾಯಿ ಪಕ್ಷದವರು ಕಾಮೆಂಟಿನಲ್ಲಿ ಬಂದು ಜಗಳ ಆಡಬಹುದು, ಸ್ವಾಗತ. ಒಂದೇ ಷರತ್ತು, ಬಾಟಲಿ ಖಾಲಿ ಮಾಡಿ ಬಂದಿರಬೇಕು :)